ರೆಕಾರ್ಡಿಂಗೇ, ಲೈವ್ ಬ್ಯಾಚೇ, ಮೆಂಬರ್‌ಶಿಪ್ಪೇ? ಮುಂಬೈ-ಪುಣೆಯ ಕನ್ನಡ ಕೋಚ್‌ಗಳಿಗೊಂದು ಹೋಲಿಕೆ

ಡೊಂಬಿವಿಲಿ, ಮುಲುಂಡ್, ಥಾಣೆ, ಪುಣೆಯ ವಾಕಡ್. ಎಲ್ಲಿ ನಾಲ್ಕು ಕನ್ನಡಿಗರು ಸೇರಿದರೂ ಈಗ ಅವರಲ್ಲಿ ಒಬ್ಬರಾದರೂ ಕೋಚ್ ಇರುತ್ತಾರೆ. ಡಯಟ್ ಹೇಳುವವರು, ಇಂಟರ್‌ವ್ಯೂಗೆ ತಯಾರು ಮಾಡುವವರು, ಹೋಟೆಲ್ ಲೆಕ್ಕ ಸರಿ ಮಾಡಿಕೊಡುವವರು, ಮಕ್ಕಳ ಓದಿನ ಬಗ್ಗೆ ತಂದೆ-ತಾಯಿಗೆ ಸಲಹೆ ಕೊಡುವವರು. ಎಲ್ಲರೂ ಕೆಲಸ ಬಲ್ಲವರೇ. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹೇಳಿಕೊಡುತ್ತಾರೆ, ಗಂಟೆಗೆ ಇಷ್ಟು ಅಂತ ತೆಗೆದುಕೊಳ್ಳುತ್ತಾರೆ. ಒಂದು ದಿನ ಕ್ಯಾಲೆಂಡರ್‌ನಲ್ಲಿ ಜಾಗ ಮುಗಿಯುತ್ತದೆ. ಆಗ ‘ಒಂದು ಆನ್‌ಲೈನ್ ಕೋರ್ಸ್ ಮಾಡಿಬಿಡೋಣ’ ಅನ್ನಿಸುತ್ತದೆ.

ಮಾಡಿ. ಆದರೆ ಯಾವ ತರಹದ ಕೋರ್ಸ್? ವಿಡಿಯೊ ರೆಕಾರ್ಡ್ ಮಾಡಿಟ್ಟು ಮಾರಬಹುದು. ಹತ್ತು-ಹನ್ನೆರಡು ಜನರ ಲೈವ್ ಬ್ಯಾಚ್ ನಡೆಸಬಹುದು. ವಿಡಿಯೊ ಜೊತೆಗೆ ಒಬ್ಬೊಬ್ಬರಿಗೂ ಸಮಯ ಕೊಟ್ಟು ದೊಡ್ಡ ಫೀಸು ಹೇಳಬಹುದು. ತಿಂಗಳ ಮೆಂಬರ್‌ಶಿಪ್ ಇಡಬಹುದು. ಇಲ್ಲವೇ ಕಂಪನಿಗೋ ಸಂಘಕ್ಕೋ ಒಟ್ಟಿಗೇ ಮಾರಬಹುದು. ಈ ಐದರ ಖರ್ಚು ಬೇರೆ, ಗಿರಾಕಿ ಬೇರೆ, ತಲೆನೋವು ಬೇರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇದುವರೆಗೆ ನಿಮಗೆ ದುಡ್ಡು ಕೊಟ್ಟವರು, ನಿಮ್ಮ ಮಾತು ಕೇಳಿ ಮೆಚ್ಚಿದವರು, ನಿಮ್ಮ ನಂಬರ್ ಸೇವ್ ಮಾಡಿಕೊಂಡವರು ಎಲ್ಲ ಸೇರಿ ಒಂದು ಸಾವಿರ ದಾಟದಿದ್ದರೆ ಚಿಕ್ಕ ಲೈವ್ ಬ್ಯಾಚ್‌ನಿಂದಲೇ ಶುರು ಮಾಡಿ. ರೆಕಾರ್ಡಿಂಗ್ ಆಮೇಲೆ. ಬಹುತೇಕರು ಇದನ್ನು ಉಲ್ಟಾ ಮಾಡುತ್ತಾರೆ.

ಏನು ಕೊಡುತ್ತೇನೆ ಅಂತ ಮೊದಲು ಬರೆಯಿರಿ

ಯಾವ ರೂಪ ಎಂದು ಆರಿಸುವ ಮೊದಲು ಒಂದು ಕೆಲಸ ಇದೆ. ಕೋರ್ಸ್ ಮುಗಿದ ದಿನ ಕಲಿತವರ ಕೈಯಲ್ಲಿ ಏನಿರುತ್ತದೆ ಅಂತ ಒಂದೇ ಸಾಲಿನಲ್ಲಿ ಬರೆಯಬೇಕು. ಹೋಟೆಲ್ ಸಲಹೆಗಾರರೊಬ್ಬರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ‘ಹೋಟೆಲ್ ನಿರ್ವಹಣೆ: ಸಂಪೂರ್ಣ ಕೋರ್ಸ್, 42 ವಿಡಿಯೊ’ ಎಂದು ಹಾಕಿದರೆ ಮಾಟುಂಗದ ಯಾವ ಹೋಟೆಲ್ ಮಾಲೀಕರೂ ತಿರುಗಿ ನೋಡುವುದಿಲ್ಲ. 42 ವಿಡಿಯೊ ನೋಡಲು ಅವರಿಗೆಲ್ಲಿ ಪುರಸೊತ್ತು? ‘ಆರು ವಾರದಲ್ಲಿ ನಿಮ್ಮ ಮೆನುವಿನ 20 ಐಟಂಗಳಿಗೆ ಪ್ಲೇಟಿಗೆಷ್ಟು ಖರ್ಚು ಬೀಳುತ್ತದೆ ಅಂತ ನೀವೇ ಲೆಕ್ಕ ಹಾಕಿದ ಪಟ್ಟಿ ನಿಮ್ಮ ಗಲ್ಲಾದ ಪಕ್ಕ ಇರುತ್ತದೆ’ ಅಂದರೆ ನಿಂತು ಕೇಳುತ್ತಾರೆ.

ಈ ಸಾಲು ಬರೆದಾಗಲೇ ಯಾವ ರೂಪ ಸರಿ ಅಂತ ಅರ್ಧ ಗೊತ್ತಾಗಿಬಿಡುತ್ತದೆ. ಪಟ್ಟಿ ಮಾಡಿಸಬೇಕಾದರೆ ಯಾರಾದರೂ ಅದನ್ನು ನೋಡಿ ತಿದ್ದಬೇಕು. ತಿದ್ದುವ ಕೆಲಸ ಇದ್ದರೆ ಬರೀ ರೆಕಾರ್ಡಿಂಗ್ ಸಾಲದು. ಎಕ್ಸೆಲ್‌ನಲ್ಲಿ ಒಂದು ಫಾರ್ಮುಲಾ ಹಾಕುವುದು ಹೇಗೆ, ರಿಟರ್ನ್ಸ್ ತುಂಬಲು ಯಾವ ಕಾಗದ ಬೇಕು, ಇಂಥದ್ದಕ್ಕೆ ತಿದ್ದುವವರು ಬೇಡ. ನೋಡಿ ಮಾಡಬಹುದು. ಅಲ್ಲಿ ರೆಕಾರ್ಡಿಂಗ್ ಧಾರಾಳವಾಗಿ ಸಾಕು.

ಏನು ಕೊಡುವುದಿಲ್ಲ ಎಂಬುದನ್ನೂ ಬರೆದಿಡಿ. ‘ನಿಮ್ಮ ಲೈಸೆನ್ಸ್ ಕೆಲಸ ನಾನು ಮಾಡಿಕೊಡುವುದಿಲ್ಲ, ರಾತ್ರಿ ಹತ್ತರ ನಂತರ ಫೋನ್ ಎತ್ತುವುದಿಲ್ಲ.’ ನಮ್ಮವರ ನಡುವೆ ಇದನ್ನು ಬಾಯಿಬಿಟ್ಟು ಹೇಳಲು ಸಂಕೋಚ. ಹೇಳದಿದ್ದರೆ ಮೂರನೇ ವಾರದಿಂದ ನೀವು ಎಲ್ಲರ ಮನೆಯ ಅಕೌಂಟೆಂಟ್ ಆಗಿರುತ್ತೀರಿ.

ರೆಕಾರ್ಡ್ ಮಾಡಿದ ಕೋರ್ಸ್

ಇದರ ಆಕರ್ಷಣೆ ಗೊತ್ತಿರುವುದೇ. ಒಮ್ಮೆ ಮಾಡಿಟ್ಟರೆ ಮಲಗಿದಾಗಲೂ ಮಾರಾಟ ಆಗುತ್ತದೆ ಅನ್ನುತ್ತಾರೆ. ಆಗುತ್ತದೆ, ಕೊಳ್ಳುವವರು ಸಾಲುಗಟ್ಟಿ ಇದ್ದರೆ.

ಲೆಕ್ಕ ಹಾಕಿ ನೋಡೋಣ. ಬೆಲೆ ₹1,499 ಇಟ್ಟಿರಿ. ಪೇಮೆಂಟ್ ಗೇಟ್‌ವೇ (ಆನ್‌ಲೈನ್‌ನಲ್ಲಿ ದುಡ್ಡು ಪಡೆದು ನಿಮಗೆ ತಲುಪಿಸುವವರು) ಶೇ. 2 ಮತ್ತು ಅದರ ಮೇಲೆ ಜಿಎಸ್‌ಟಿ ಹಿಡಿದರೆ ಸುಮಾರು ₹35 ಹೋಯಿತು. ಉಳಿದದ್ದು ₹1,464. ಮುಂದೆ ಹೇಳುವ ಒಂದು ಲೈವ್ ಬ್ಯಾಚ್‌ನಲ್ಲಿ ಉಳಿಯುವಷ್ಟು, ಅಂದರೆ ಒಂದು ಲಕ್ಷದ ಎರಡು ಸಾವಿರ, ಕೈಗೆ ಬರಬೇಕೆಂದರೆ 70 ಜನ ಕೊಳ್ಳಬೇಕು. ನಿಮ್ಮ ಪಟ್ಟಿಯಲ್ಲಿರುವ ನೂರು ಜನರಲ್ಲಿ ಇಬ್ಬರು ಕೊಳ್ಳುತ್ತಾರೆ ಅಂತ ಹಿಡಿದರೆ ಪಟ್ಟಿಯಲ್ಲಿ 3,500 ಜನ ಇರಬೇಕು. ಅಷ್ಟು ಜನ ಇಲ್ಲ, ಜಾಹೀರಾತು ಕೊಡುತ್ತೇನೆ ಅಂದರೆ ಒಬ್ಬ ಗಿರಾಕಿಗೆ ₹700 ಖರ್ಚಾಯಿತು ಅಂದುಕೊಳ್ಳಿ. ಕೈಗೆ ಸಿಗುವುದು ₹764. ಆಗ 134 ಜನ ಬೇಕು. 20 ವಿಡಿಯೊಗೆ ಬರೆಯುವುದು, ಶೂಟ್ ಮಾಡುವುದು, ಕತ್ತರಿಸುವುದು ಅಂತ ತಲಾ ನಾಲ್ಕು ಗಂಟೆ ಹಿಡಿದರೂ 80 ಗಂಟೆ ಮೊದಲೇ ಸುರಿಯಬೇಕು. ಅದೂ ಯಾರು ಕೊಳ್ಳುತ್ತಾರೆ ಅಂತ ಗೊತ್ತಾಗುವ ಮೊದಲು.

ಉಡೆಮಿಯಂಥ ದೊಡ್ಡ ಆನ್‌ಲೈನ್ ಕೋರ್ಸ್ ಮಾರುಕಟ್ಟೆಯಲ್ಲಿ ಇಡಬಹುದಲ್ಲ ಅಂತ ಕೇಳುತ್ತಾರೆ. ನಿಮ್ಮದೇ ಕೂಪನ್ ಮೂಲಕ ಬಂದ ಗಿರಾಕಿಯಾದರೆ ಅಲ್ಲಿ ನಿಮಗೆ ಶೇ. 97 ಸಿಗುತ್ತದೆ. ಅವರೇ ಗಿರಾಕಿಯನ್ನು ಹುಡುಕಿ ತಂದರೆ ಶೇ. 37. ಅಲ್ಲಿ ಯಾವಾಗ ನೋಡಿದರೂ ಡಿಸ್ಕೌಂಟ್ ಸೇಲ್. ₹499ಕ್ಕೆ ಮಾರಾಟವಾದರೆ ತೆರಿಗೆ ಲೆಕ್ಕಕ್ಕೆ ಮೊದಲೇ ನಿಮ್ಮ ಪಾಲು ₹185ರ ಒಳಗೆ. ಕೊಂಡವರ ಫೋನ್ ನಂಬರ್ ನಿಮಗೆ ಸಿಗುವುದಿಲ್ಲ. ಕೋಚ್ ಆದವರಿಗೆ ಆ ನಂಬರೇ ಆಸ್ತಿ ಅಲ್ವಾ? ಹೆಸರು ಗಳಿಸಲು ಒಂದು ಚಿಕ್ಕ ಕೋರ್ಸ್ ಅಲ್ಲಿ ಇಡಿ, ತಪ್ಪಿಲ್ಲ. ಜೀವನೋಪಾಯಕ್ಕೆ ಅದನ್ನು ನಂಬಬೇಡಿ.

ಇನ್ನೊಂದು ವಿಷಯ. ದುಡ್ಡು ಕೊಟ್ಟು ಕೊಂಡ ವಿಡಿಯೊಗಳನ್ನು ಪೂರ್ತಿ ನೋಡುವವರು ಕಡಿಮೆ. ನೋಡದವರು ನಿಮ್ಮ ಬಗ್ಗೆ ಕೆಟ್ಟದಾಗಿ ಹೇಳುವುದಿಲ್ಲ, ಒಳ್ಳೆಯದಾಗಿಯೂ ಹೇಳುವುದಿಲ್ಲ. ಮುಂಬೈ ಕನ್ನಡಿಗರಲ್ಲಿ ವ್ಯಾಪಾರ ನಡೆಯುವುದು ‘ಅವರ ಹತ್ತಿರ ಹೋಗು, ನನಗೆ ಆಯ್ತು’ ಎಂಬ ಮಾತಿನ ಮೇಲೆ. ಮುಗಿಸದವರಿಂದ ಆ ಮಾತು ಬರುವುದಿಲ್ಲ. ಮೇಲಾಗಿ ಒಳ್ಳೆಯ ವಿಡಿಯೊ ಆದರೆ ಟೆಲಿಗ್ರಾಂನಲ್ಲಿ ಪುಕ್ಕಟೆ ಓಡಾಡಲು ಶುರುವಾಗುತ್ತದೆ. ಅದನ್ನು ತಡೆಯಲು ಓಡಾಡುವುದೇ ಒಂದು ಕೆಲಸ.

ಲೈವ್ ಬ್ಯಾಚ್

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಹೆಚ್ಚಿನ ಕೋಚ್‌ಗಳಿಗೆ ದುಡ್ಡು ಇರುವುದು ಇಲ್ಲೇ.

ಮುಂಬೈ ಕನ್ನಡಿಗರಿಗೆ ಇದು ಹೊಸ ವಿಚಾರವೂ ಅಲ್ಲ. ಹಗಲೆಲ್ಲ ಹೋಟೆಲ್, ಕ್ಯಾಂಟೀನ್‌ಗಳಲ್ಲಿ ದುಡಿದು ರಾತ್ರಿ ಕನ್ನಡ ರಾತ್ರಿ ಶಾಲೆಗಳಲ್ಲಿ ಕೂತು ಮೆಟ್ರಿಕ್ ಮಾಡಿದವರ ಊರು ಇದು. ಗಂಟೆ ಹೊಡೆದ ಹೊತ್ತಿಗೆ ಬಂದು ಕೂರಬೇಕು, ಪಕ್ಕದಲ್ಲಿ ತನ್ನಂಥವನೇ ಒಬ್ಬ ಇರಬೇಕು, ಬರೆದದ್ದನ್ನು ಮಾಸ್ತರು ನೋಡಬೇಕು. ದುಡಿಯುವವರು ಓದು ಮುಗಿಸಿದ್ದು ಹಾಗೆ. ಝೂಮ್‌ನಲ್ಲೂ ಅದೇ ನಡೆಯುತ್ತದೆ.

ಹೋಟೆಲ್ ಮಾಲೀಕರ ಇಂಥ ಒಂದು ಕ್ಲಾಸ್‌ನಲ್ಲಿ ನಾನು ಕೂತು ನೋಡಿದ್ದು ಹೇಳುತ್ತೇನೆ. ಒಬ್ಬರು ಮಸಾಲೆ ದೋಸೆಯ ಲೆಕ್ಕ ಪರದೆ ಮೇಲೆ ಹಾಕಿದರು. ಹಿಟ್ಟು, ಪಲ್ಯ, ಎಣ್ಣೆ, ಚಟ್ನಿ, ಒಂದು ವಾಟಿ ಸಾಂಬಾರ್, ಗ್ಯಾಸ್, ಭಟ್ಟರ ಸಂಬಳದ ಪಾಲು. ನೋಡಿದರೆ ಎಲ್ಲ ಸರಿ ಇತ್ತು. ಕಲಿಸುವವರು ಕೇಳಿದರು.

“ಶೆಟ್ರೇ, ಸಾಂಬಾರ್ ಒಂದೇ ವಾಟಿ ಹಾಕಿದ್ದೀರಲ್ಲ?”

“ಕೊಡುವುದು ಒಂದೇ ಸಾರ್.”

“ಎರಡನೇ ಸಲ ಕೇಳುವವರಿಗೆ?”

ಶೆಟ್ಟರು ಉತ್ತರಿಸುವ ಮೊದಲೇ ವಾಶಿಯಿಂದ ಕೂತಿದ್ದ ಇನ್ನೊಬ್ಬರು ನಕ್ಕರು. “ನಮ್ಮಲ್ಲಿ ಹತ್ತರಲ್ಲಿ ಆರು ಜನ ಕೇಳ್ತಾರೆ ಮಾರಾಯ್ರೇ. ಪಾರ್ಸೆಲ್ ಆದ್ರೆ ಎರಡು ಪೊಟ್ಟಣ ಹಾಕಿ ಅಂತಾರೆ. ಪೊಟ್ಟಣದ ದುಡ್ಡು ಯಾರು ಬರೆದ್ರು?”

ಮುಂದಿನ ಕಾಲು ಗಂಟೆ ಸಾಂಬಾರಿನದ್ದೇ ಮಾತು. ಆ ಹೊತ್ತಿನಲ್ಲಿ ಕಲಿತದ್ದನ್ನು ಯಾರೂ ಮರೆಯುವುದಿಲ್ಲ. ಕಲಿಸುವವರು ಒಂದು ಪ್ರಶ್ನೆ ಕೇಳಿದರು ಅಷ್ಟೇ, ಉಳಿದದ್ದು ಬ್ಯಾಚೇ ಮಾಡಿತು. ಇದನ್ನು ರೆಕಾರ್ಡ್ ಮಾಡಿ ಬೇರೆಯವರಿಗೆ ಮಾರಿದರೆ ಅವರಿಗೆ ತಮಾಷೆಯಾಗಿ ಕಾಣಬಹುದು. ತಮ್ಮ ಪಟ್ಟಿ ತಿದ್ದಿಕೊಳ್ಳುವುದಿಲ್ಲ.

ಈಗ ದುಡ್ಡು. 12 ಜನ, ತಲಾ ₹9,000. ಒಟ್ಟು ₹1,08,000. ಗೇಟ್‌ವೇಗೆ ಸುಮಾರು ₹2,550, ಝೂಮ್ ಮತ್ತು ಚಿಲ್ಲರೆ ಖರ್ಚಿಗೆ ₹3,000 ತೆಗೆದರೆ ಉಳಿಯುವುದು ₹1,02,000 ಚಿಲ್ಲರೆ. ಸಮಯ ಎಷ್ಟು ಹೋಯಿತು? ವಾರಕ್ಕೆ ಒಂದೂವರೆ ಗಂಟೆಯಂತೆ ಆರು ವಾರ ಅಂದರೆ 9 ಗಂಟೆ ಕ್ಲಾಸ್. ತಯಾರಿಗೆ 15. ಒಬ್ಬೊಬ್ಬರ ಹೋಂವರ್ಕ್ ವಾರಕ್ಕೆ ಹತ್ತು ನಿಮಿಷ ನೋಡಿದರೆ 12 ಗಂಟೆ. ಸೇರುವ ಮೊದಲು 20 ಜನರ ಜೊತೆ ಅರ್ಧರ್ಧ ಗಂಟೆ ಮಾತಾಡಿದ್ದು 10. ಒಟ್ಟು 46 ಗಂಟೆ. ಗಂಟೆಗೆ ₹2,200.

ಅಷ್ಟೇನಾ ಅಂತ ಅನ್ನಿಸಬಹುದು. ಒಬ್ಬೊಬ್ಬರಿಗೇ ಹೇಳಿಕೊಡುವಾಗ ನೀವು ಗಂಟೆಗೆ ₹2,000 ತೆಗೆದುಕೊಳ್ಳುತ್ತಿದ್ದರೆ ಮೊದಲ ಬ್ಯಾಚ್‌ನಲ್ಲಿ ದೊಡ್ಡ ಲಾಭವೇನೂ ಇಲ್ಲ. ಇದನ್ನು ಯಾರೂ ಹೇಳುವುದಿಲ್ಲ. ಎರಡನೇ ಬ್ಯಾಚ್‌ನಲ್ಲಿ ತಯಾರಿ 4 ಗಂಟೆಗೆ ಇಳಿಯುತ್ತದೆ. ಮೊದಲ ಬ್ಯಾಚ್‌ನವರೇ ನಾಲ್ಕೈದು ಜನರನ್ನು ಕಳಿಸಿದರೆ ಫೋನ್ ಮಾತುಕತೆ 6 ಗಂಟೆಯಲ್ಲಿ ಮುಗಿಯುತ್ತದೆ. 31 ಗಂಟೆಗೆ ಅದೇ ದುಡ್ಡು, ಗಂಟೆಗೆ ₹3,300 ಹತ್ತಿರ. ಮೂರನೆಯದಕ್ಕೆ ಬೆಲೆ ₹11,000 ಮಾಡಿ. ಯಾರೂ ಜಗಳ ಮಾಡುವುದಿಲ್ಲ. ಹಾಗಾಗಿ ಒಂದು ಬ್ಯಾಚ್ ಮಾಡಿ ಬಿಡುವವರಿಗೆ ಈ ದಾರಿ ಬೇಡ. ವರ್ಷಕ್ಕೆ ಮೂರಾದರೂ ಮಾಡುವ ತಾಳ್ಮೆ ಇರಬೇಕು.

ಎಷ್ಟು ಜನ ಇರಬೇಕು? ಎಂಟಕ್ಕಿಂತ ಕಡಿಮೆಯಾದರೆ ಇಬ್ಬರು ರಜೆ ಹಾಕಿದ ದಿನ ಕ್ಲಾಸ್ ಸಪ್ಪೆ. ಹದಿನೈದು ದಾಟಿದರೆ ಪಟ್ಟಿ ತಿದ್ದಲು ಆಗುವುದಿಲ್ಲ. ನಡುವೆ ಎಲ್ಲಾದರೂ ನಿಲ್ಲಿಸಿ. ಝೂಮ್‌ನ ಪುಕ್ಕಟೆ ಖಾತೆ 40 ನಿಮಿಷಕ್ಕೆ ಕಟ್ ಆಗುತ್ತದೆ. ಗೂಗಲ್ ಮೀಟ್‌ನಲ್ಲಿ ಮೂರು ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ದರೆ 60 ನಿಮಿಷ. ₹9,000 ಕೊಟ್ಟವರನ್ನು ‘ಕಟ್ ಆದ ಮೇಲೆ ಮತ್ತೆ ಲಿಂಕ್ ಒತ್ತಿ’ ಎಂದು ಓಡಿಸಬೇಡಿ. ಒಂದು ತಿಂಗಳ ಪ್ಲಾನ್ ತೆಗೆದುಕೊಳ್ಳಿ.

ಸಮಯ ಯಾವಾಗ ಎಂಬುದು ನಿಮ್ಮ ಗಿರಾಕಿಯ ದಿನಚರಿ ಮೇಲೆ. ಹೋಟೆಲ್‌ನವರಿಗೆ ಮಧ್ಯಾಹ್ನ ಮೂರೂವರೆ ಒಳ್ಳೆಯದು. ಊಟದ ರಶ್ ಮುಗಿದಿರುತ್ತದೆ, ಸಂಜೆಯ ತಿಂಡಿ ಶುರುವಾಗಿರುವುದಿಲ್ಲ. ಬೋರಿಬಂದರ್ ಕಡೆ ಆಫೀಸಿಗೆ ಹೋಗಿ ಕಲ್ಯಾಣ್, ವಿರಾರ್‌ಗೆ ಮರಳುವವರಿಗೆ ರಾತ್ರಿ ಒಂಬತ್ತರ ಮೊದಲು ಇಡಲೇಬೇಡಿ. ರೈಲಿನಲ್ಲಿ ನಿಂತುಕೊಂಡೇ ಜಾಯಿನ್ ಆಗುತ್ತಾರೆ, ಕ್ಯಾಮೆರಾ ಹಾಕುವುದಿಲ್ಲ, ಅರ್ಧ ಕೇಳಿಸುವುದಿಲ್ಲ. ಹಿಂಜವಡಿಯ ಐಟಿಯವರಿಗೆ ಶನಿವಾರ ಬೆಳಗ್ಗೆ. ಗೃಹಿಣಿಯರಿಗೆ ಹನ್ನೊಂದೂವರೆ. ದುಬೈನವರು ಸೇರುವುದಿದ್ದರೆ ನಮ್ಮ ರಾತ್ರಿ ಒಂಬತ್ತು ಅವರಿಗೆ ಏಳೂವರೆ. ಚೆನ್ನಾಗಿ ಹೊಂದುತ್ತದೆ. ಅಮೆರಿಕದವರನ್ನು ಅದೇ ಬ್ಯಾಚ್‌ಗೆ ತುರುಕಬೇಡಿ.

ವಿಡಿಯೊ ಜೊತೆಗೆ ಒಬ್ಬೊಬ್ಬರಿಗೂ ಸಮಯ

ಎರಡು-ಮೂರು ಬ್ಯಾಚ್ ಆದ ಮೇಲೆ ನಿಮಗೆ ಒಂದು ವಿಷಯ ಗೊತ್ತಾಗುತ್ತದೆ. ಪ್ರತಿ ಸಲವೂ ನೀವು ಹೇಳುವ ಶೇ. 60ರಷ್ಟು ಒಂದೇ. ಅದನ್ನು ಈಗ ರೆಕಾರ್ಡ್ ಮಾಡಿ. ಜನ ಯಾವ ಪ್ರಶ್ನೆ ಕೇಳುತ್ತಾರೆ, ಎಲ್ಲಿ ಎಡವುತ್ತಾರೆ ಅಂತ ಗೊತ್ತಿರುವುದರಿಂದ ಈ ವಿಡಿಯೊ ಚಿಕ್ಕದಾಗಿರುತ್ತದೆ, ಕೆಲಸಕ್ಕೆ ಬರುತ್ತದೆ. ಅದನ್ನು ನೋಡಿಕೊಂಡು ಬರಲು ಹೇಳಿ, ನಿಮ್ಮ ಸಮಯವನ್ನು ತಿದ್ದುವುದಕ್ಕೆ ಮಾತ್ರ ಇಟ್ಟುಕೊಂಡರೆ ₹25,000ದಿಂದ ₹40,000 ಹೇಳಬಹುದು. ಆದರೆ ಅದು ದುಡ್ಡು ಉಳಿಸುವ ಅಥವಾ ಗಳಿಸಿಕೊಡುವ ವಿಷಯವಾಗಿರಬೇಕು. ಹೋಟೆಲ್ ಖರ್ಚು, ಸಂಬಳ ಏರಿಸುವ ಕೆಲಸ ಬದಲಾವಣೆ, ಗೋವಾದಲ್ಲಿ ಹೋಂಸ್ಟೇ ಶುರು ಮಾಡುವುದು, ಇಂಥವು.

ಗೋವಾದ ಉದಾಹರಣೆ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಅಲ್ಲಿ ಪ್ರವಾಸಿಗರಿಗೆ ಕೋಣೆ ಕೊಡಬೇಕಾದರೆ 1982ರ ಪ್ರವಾಸಿ ವ್ಯಾಪಾರ ನೋಂದಣಿ ಕಾಯ್ದೆಯಡಿ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಬೇಕು. ಯಾವ ಕಾಗದ, ಯಾವ ಕ್ರಮ ಎಂಬುದು ವಿಡಿಯೊದಲ್ಲಿ ಹೇಳಿ ಮುಗಿಸಬಹುದು. ಮಡಗಾಂವ್‌ನಲ್ಲಿರುವ ಈ ಮನೆಗೆ ರಾತ್ರಿಗೆ ಎಷ್ಟು ಬಾಡಿಗೆ ಇಡಬೇಕು ಎಂಬುದನ್ನು ಕೂತೇ ಹೇಳಬೇಕು. ಒಂದೇ ಗಿರಾಕಿ, ಎರಡು ರೀತಿಯ ಕೆಲಸ.

ಡಯಟ್, ಪೇರೆಂಟಿಂಗ್, ಮನಸ್ಸಿನ ನೆಮ್ಮದಿ ಇಂಥ ವಿಷಯಗಳಲ್ಲಿ ದೊಡ್ಡ ಫೀಸಿಗೆ ನಮ್ಮವರು ಬೇಗ ಒಪ್ಪುವುದಿಲ್ಲ. ಇಎಂಐ ಕೊಟ್ಟರೆ ಒಪ್ಪುತ್ತಾರೆ ಅಂತ ಕೆಲವರು ಹೇಳುತ್ತಾರೆ. ‘ನೋ ಕಾಸ್ಟ್’ ಇಎಂಐನಲ್ಲಿ ಬಡ್ಡಿ ಬಿಟ್ಟುಕೊಡುವವರು ಮಾರುವವರು, ಅಂದರೆ ನೀವು. ಲೆಕ್ಕಕ್ಕೆ ಹಿಡಿದುಕೊಂಡೇ ಬೆಲೆ ಇಡಿ. ಸಾಲ ಮಾಡಿಸಿ ಕೋರ್ಸ್ ಮಾರುವುದು ನನಗಂತೂ ಇಷ್ಟವಿಲ್ಲ. ಎರಡು ಕಂತು ಮಾಡಿ ಜಿಪೇಯಲ್ಲಿ ತೆಗೆದುಕೊಳ್ಳಿ, ಮುಗಿಯಿತು.

ಮೆಂಬರ್‌ಶಿಪ್

ತಿಂಗಳಿಗೆ ₹499, ಪ್ರತಿ ವಾರ ಒಂದು ಲೈವ್, ವಾಟ್ಸ್ಆ್ಯಪ್ ಗ್ರೂಪ್. ಕೇಳಲು ಚೆಂದ. ಇದು ಖಾನಾವಳಿ ನಡೆಸಿದ ಹಾಗೆ. ಗಿರಾಕಿ ಇರಲಿ ಬಿಡಲಿ, ಒಲೆ ಹಚ್ಚಲೇಬೇಕು. ಯೋಗ, ಪ್ರಾಣಾಯಾಮ, ಇಂಗ್ಲಿಷ್ ಮಾತಾಡುವ ಅಭ್ಯಾಸ, ಇಂಥ ದಿನಾ ಮಾಡುವ ವಿಷಯಕ್ಕೆ ಸರಿ. ‘ಕಲಿತು ಮುಗಿಯಿತು’ ಎನ್ನುವ ವಿಷಯಕ್ಕೆ ಸರಿಯಲ್ಲ. ಮೂರನೇ ತಿಂಗಳಿಗೆ ಬಿಟ್ಟು ಹೋಗುತ್ತಾರೆ.

ತಾಂತ್ರಿಕವಾಗಿ ಈಗ ಸುಲಭ ಇದೆ. ಆಟೋಪೇಗೆ (ಪ್ರತಿ ತಿಂಗಳು ಖಾತೆಯಿಂದ ತಾನಾಗಿಯೇ ದುಡ್ಡು ಹೋಗುವ ವ್ಯವಸ್ಥೆಗೆ) ಒಮ್ಮೆ ಒಪ್ಪಿದರೆ ₹15,000ದ ಒಳಗಿನ ಕಂತಿಗೆ ಪ್ರತಿ ಸಲ ಒಟಿಪಿ ಬೇಡ ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಮಿತಿ ಏರಿಸಿತು. ಆದರೆ ದುಡ್ಡು ಕಡಿಯುವ 24 ಗಂಟೆ ಮೊದಲು ಗಿರಾಕಿಗೆ ಮೆಸೇಜ್ ಹೋಗುತ್ತದೆ. ಆ ಮೆಸೇಜ್ ನೋಡಿದಾಗಲೇ ‘ಅರೆ, ಈ ತಿಂಗಳು ನಾನು ಒಂದು ಕ್ಲಾಸಿಗೂ ಹೋಗಲಿಲ್ಲ’ ಅಂತ ನೆನಪಾಗುವುದು. ಅದರ ಹಿಂದಿನ ದಿನ ನಿಮ್ಮದೊಂದು ಒಳ್ಳೆಯ ಕ್ಲಾಸ್ ಇರುವಂತೆ ತಾರೀಖು ಇಟ್ಟುಕೊಳ್ಳಿ.

₹99ರ ವೆಬಿನಾರ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಅದು ಕೋರ್ಸ್ ಅಲ್ಲ, ಮಾರಾಟದ ಕೌಂಟರ್. ಜಾಹೀರಾತಿಗೆ ದುಡ್ಡು ಹಾಕುವ ತಾಕತ್ತು ಇದ್ದವರಿಗೆ ಕೆಲಸ ಮಾಡುತ್ತದೆ. ಮೂರು ಗಂಟೆ ಕೂರಿಸಿ ಕೊನೆಯ ಹತ್ತು ನಿಮಿಷದಲ್ಲಿ ‘ಇವತ್ತು ರಾತ್ರಿ ಹನ್ನೆರಡರವರೆಗೆ ಮಾತ್ರ’ ಎಂದು ಕೂಗುವುದಕ್ಕೆ ಸುತ್ತಮುತ್ತಲಿನವರು ಈಗ ಮೂಗು ಮುರಿಯುತ್ತಾರೆ. ನಾಳೆ ಸಂಘದ ಕಾರ್ಯಕ್ರಮದಲ್ಲಿ ಅದೇ ಜನ ಎದುರು ಸಿಗುತ್ತಾರೆ, ನೆನಪಿರಲಿ.

ಕಂಪನಿ ಅಥವಾ ಸಂಘಕ್ಕೆ ಮಾರುವುದು

ಪುಣೆಯ ಕನ್ಸಲ್ಟೆಂಟ್‌ಗಳಿಗೆ ಇದು ಎಲ್ಲಕ್ಕಿಂತ ಸಲೀಸು. ಚಾಕಣ್, ಭೋಸರಿ ಕಡೆಯ ಕಾರ್ಖಾನೆಗಳಲ್ಲಿ ಕನ್ನಡ ಮಾತಾಡುವ ಸೂಪರ್‌ವೈಸರ್‌ಗಳು, ಮಾಲೀಕರು ಸಿಗುತ್ತಾರೆ. ಒಬ್ಬರ ಮೂಲಕ ಒಳಗೆ ಹೋದರೆ 25 ಜನರ ತರಬೇತಿಗೆ ಒಂದೇ ಇನ್‌ವಾಯ್ಸ್. ಜಾಹೀರಾತು ಇಲ್ಲ, ಚೌಕಾಶಿ ಒಮ್ಮೆ ಮಾತ್ರ.

ತೊಂದರೆ ಇರುವುದು ದುಡ್ಡು ಕೈಗೆ ಬರುವುದರಲ್ಲಿ. ಶೇ. 10 ಟಿಡಿಎಸ್ (ಮೊದಲೇ ಕಡಿದುಕೊಳ್ಳುವ ಆದಾಯ ತೆರಿಗೆ) ಹಿಡಿದೇ ಕೊಡುತ್ತಾರೆ, ಅದು ರಿಟರ್ನ್ಸ್‌ನಲ್ಲಿ ಹೊಂದಿಕೆಯಾಗುತ್ತದೆ. ಬಾಕಿ ದುಡ್ಡು ‘ಅಕೌಂಟ್ಸ್‌ಗೆ ಕಳಿಸಿದ್ದೇವೆ’ ಎಂಬ ಉತ್ತರದಲ್ಲೇ ತಿಂಗಳುಗಟ್ಟಲೆ ಕೂರುತ್ತದೆ. ಅದಕ್ಕೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ, ಮಾಡಿಸಿಟ್ಟುಕೊಳ್ಳಿ. ಪುಕ್ಕಟೆ ಆಗುತ್ತದೆ. ಸಣ್ಣ ಉದ್ಯಮಕ್ಕೆ ಒಪ್ಪಂದ ಇದ್ದರೂ 45 ದಿನದೊಳಗೆ, ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ ಕೊಡಬೇಕು ಎಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ತಡ ಮಾಡಿದರೆ ಆ ಖರ್ಚನ್ನು ಕಂಪನಿ ಅದೇ ವರ್ಷದ ತೆರಿಗೆ ಲೆಕ್ಕದಲ್ಲಿ ತೋರಿಸಲು ತೊಡಕಾಗುತ್ತದೆ. ಇನ್‌ವಾಯ್ಸ್ ಮೇಲೆ ಉದ್ಯಮ್ ನಂಬರ್ ಹಾಕಿ ಕಳಿಸಿದರೆ ಅಕೌಂಟ್ಸ್‌ನವರು ಸ್ವಲ್ಪ ಬೇಗ ಏಳುತ್ತಾರೆ.

ಸಂಘಗಳದ್ದು ಬೇರೆ ಕಥೆ. ಮುಂಬೈಯಲ್ಲಿ ನಮ್ಮ ಸಂಘಗಳಿಗೆ ಸಭಾಂಗಣ ಇದೆ, ಸದಸ್ಯರ ಪಟ್ಟಿ ಇದೆ, ಜನರ ವಿಶ್ವಾಸ ಇದೆ. ಫೀಸು ಕೊಡುವ ಅಭ್ಯಾಸ ಕಡಿಮೆ. ಶಾಲು, ಹಾರ, ಒಂದು ಫಲಕ ಸಿಗುತ್ತದೆ. ಅಲ್ಲಿ ಒಂದು ಗಂಟೆಯ ಉಪನ್ಯಾಸ ಪುಕ್ಕಟೆ ಕೊಡಿ, ಬ್ಯಾಚ್‌ಗೆ ಜನ ಅಲ್ಲಿಂದ ಬರುತ್ತಾರೆ. ಅದಕ್ಕಿಂತ ಅಗ್ಗದ ಜಾಹೀರಾತು ಇಲ್ಲ.

ಯಾವ ಭಾಷೆಯಲ್ಲಿ?

ಹಿಂದಿ, ಇಂಗ್ಲಿಷ್‌ನಲ್ಲಿ ಮಾಡಿದರೆ ಮಾರುಕಟ್ಟೆ ದೊಡ್ಡದು, ಆದರೆ ಅಲ್ಲಿ ನಿಮ್ಮಂಥವರು ಸಾವಿರ ಜನ. ಕನ್ನಡದಲ್ಲಿ ಮಾಡಿದರೆ ಬೆಂಗಳೂರು, ಹುಬ್ಬಳ್ಳಿ, ಉಡುಪಿಯವರೂ ಸೇರಬಹುದು. ಮುಂಬೈಯ ಅನುಭವ ಇದ್ದವರು ಎಂಬ ಮರ್ಯಾದೆಯೂ ಇರುತ್ತದೆ. ನಾನು ಕನ್ನಡದ ಪರ.

ಒಂದು ಎಚ್ಚರಿಕೆ. ಇಲ್ಲೇ ಹುಟ್ಟಿ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ತುಳು ಚೆನ್ನಾಗಿ ಮಾತಾಡುತ್ತಾರೆ. ಓದಲು ಬರುವುದಿಲ್ಲ. ಕನ್ನಡದಲ್ಲಿ ಮುದ್ರಿಸಿದ ವರ್ಕ್‌ಬುಕ್ ಕೊಟ್ಟರೆ ಅಪ್ಪನ ಕೈಗೆ ಕೊಟ್ಟು ಓದಿಸುತ್ತಾರೆ. ಮಾತು ಕನ್ನಡದಲ್ಲಿರಲಿ, ಶೀಟುಗಳು ಇಂಗ್ಲಿಷ್‌ನಲ್ಲಿ ಇರಲಿ, ಹೋಂವರ್ಕ್‌ನ ಉತ್ತರ ವಾಯ್ಸ್ ಮೆಸೇಜ್‌ನಲ್ಲಿ ಕಳಿಸಿ. ಕಲಬುರಗಿಯಿಂದ ಸೇರಿದವರಿಗೆ ಇದೇ ಶೀಟು ಕನ್ನಡದಲ್ಲೂ ಬೇಕಾಗಬಹುದು. ಎರಡೂ ಮಾಡಿಟ್ಟರೆ ಒಂದು ಸಂಜೆಯ ಕೆಲಸ.

ತೆರಿಗೆ ಮತ್ತು ಕಾನೂನು, ಬೇಗ ಬೇಗ

ಎಲ್ಲ ಆದಾಯ ಸೇರಿ ವರ್ಷಕ್ಕೆ ₹20 ಲಕ್ಷ ದಾಟುವವರೆಗೆ ಸೇವೆ ಕೊಡುವವರಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಡ. ಬೇರೆ ರಾಜ್ಯದವರ ಫೀಸೂ, ದುಬೈನವರ ಫೀಸೂ ಈ ಲೆಕ್ಕದಲ್ಲಿ ಸೇರುತ್ತದೆ. ದಾಟಿದರೆ ಶೇ. 18. ಆಗ ₹9,000 ಎಂದು ಹೇಳಿದ ಫೀಸಿನಲ್ಲೇ ತೆರಿಗೆ ಸೇರಿದೆ ಎಂದರೆ ನಿಮಗೆ ಉಳಿಯುವುದು ₹7,627. ಹಾಗಾಗಿ 17-18 ಲಕ್ಷದ ಹತ್ತಿರ ಬಂದಾಗಲೇ ಸಿಎ ಜೊತೆ ಕೂತು ‘ಫೀಸು ಮತ್ತು ಜಿಎಸ್‌ಟಿ’ ಎಂದು ಹೇಳಲು ಶುರು ಮಾಡಿ. ಮಹಾರಾಷ್ಟ್ರದಲ್ಲಿ ವೃತ್ತಿ ತೆರಿಗೆ ವರ್ಷಕ್ಕೆ ₹2,500 ಬೇರೆ. ಚಿಕ್ಕ ಮೊತ್ತ, ಮರೆತರೆ ಬಡ್ಡಿ ಬೀಳುತ್ತದೆ.

ಷೇರು, ಹಣಕಾಸು ಕಲಿಸುವವರು ಜಾಗ್ರತೆ. ಬರೀ ಶಿಕ್ಷಣ ಕೊಡುತ್ತೇವೆ ಎನ್ನುವವರು ಹಿಂದಿನ ಮೂರು ತಿಂಗಳ ಬೆಲೆಗಳನ್ನು ಬಳಸಿ ಷೇರಿನ ಬಗ್ಗೆ ಹೇಳಬಾರದು ಎಂದು ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2025ರ ಜನವರಿಯಲ್ಲೇ ಸುತ್ತೋಲೆ ಹೊರಡಿಸಿತು. ನೋಂದಣಿ ಇಲ್ಲದೆ ‘ಇದನ್ನು ಕೊಳ್ಳಿ’ ಎನ್ನುವುದಂತೂ ಇಲ್ಲವೇ ಇಲ್ಲ. ಈ ವಿಷಯದಲ್ಲಿ ಲೈವ್ ಬ್ಯಾಚ್ ರೆಕಾರ್ಡಿಂಗ್‌ಗಿಂತ ಅಪಾಯ. ಮಾತಿನ ಭರದಲ್ಲಿ ಯಾರೋ ಒಂದು ಷೇರಿನ ಹೆಸರು ಕೇಳುತ್ತಾರೆ, ನೀವು ಉತ್ತರಿಸಿಬಿಡುತ್ತೀರಿ.

ಉಳಿದವರೂ ‘90 ದಿನದಲ್ಲಿ ಸಂಬಳ ಡಬಲ್, ಗ್ಯಾರಂಟಿ’ ಎಂದು ಬರೆಯಬೇಡಿ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ₹10 ಲಕ್ಷದವರೆಗೆ ದಂಡ ಇದೆ. ಕಲಿತವರ ಫೋಟೊ, ಮಾತು ಹಾಕುವಾಗ ಅವರ ಒಪ್ಪಿಗೆ ಬರಹದಲ್ಲಿ ಇರಲಿ. ವಾಟ್ಸ್ಆ್ಯಪ್‌ನಲ್ಲಿ ‘ಹಾಕಬಹುದು’ ಅಂದರೂ ಸಾಕು, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ರಿಫಂಡ್ ನಿಯಮ ಒಂದೇ ಸಾಲಿನದ್ದು ಸಾಕು. ‘ಎರಡನೇ ಕ್ಲಾಸ್ ಮುಗಿಯುವ ಮೊದಲು ಬೇಡ ಅಂದರೆ ಪೂರ್ತಿ ವಾಪಸು, ಆಮೇಲೆ ಇಲ್ಲ.’ ಗೇಟ್‌ವೇಯವರು ಹಿಡಿದ ಶುಲ್ಕ ಸಾಮಾನ್ಯವಾಗಿ ನಿಮಗೆ ಮರಳುವುದಿಲ್ಲ, ಅದು ನಿಮ್ಮ ಖರ್ಚು. ಕೊಟ್ಟುಬಿಡಿ. ಮುನಿಸಿಕೊಂಡ ಒಬ್ಬ ಗಿರಾಕಿ ಬ್ಯಾಚ್‌ನ ಗ್ರೂಪಿನಲ್ಲಿ ಕೂತಿರುವುದಕ್ಕಿಂತ ಅದು ಅಗ್ಗ.

ಯಾವಾಗ ಶುರು ಮಾಡುವುದು

ರೆಕಾರ್ಡಿಂಗ್‌ಗೆ ಕಾಲ ಇಲ್ಲ. ಲೈವ್ ಬ್ಯಾಚ್‌ಗೆ ಇದೆ. ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಮುಂಬೈ ಕನ್ನಡಿಗರು ಊರಲ್ಲಿರುತ್ತಾರೆ. ಮದುವೆ, ನೇಮ, ಕೋಲ, ಮನೆ ರಿಪೇರಿ. ಆಗ ಬ್ಯಾಚ್ ಇಟ್ಟರೆ ಕಾರ್ಕಳದ ಯಾವುದೋ ಮದುವೆ ಹಾಲ್‌ನಿಂದ ಜಾಯಿನ್ ಆಗುತ್ತಾರೆ. ಜೂನ್ ಮಧ್ಯದಲ್ಲಿ ಶಾಲೆ ಶುರುವಾದ ಮೇಲೆ ಆರು ವಾರ ಸಿಗುತ್ತದೆ, ಅದು ಗಣೇಶ ಚೌತಿಗೆ ಮೊದಲೇ ಮುಗಿಯುತ್ತದೆ. ಇನ್ನೊಂದು ಬ್ಯಾಚ್ ದೀಪಾವಳಿ ಕಳೆದ ಮೇಲೆ, ಮೂರನೆಯದು ಸಂಕ್ರಾಂತಿ ನಂತರ. ಗೋವಾದ ಹೋಟೆಲ್, ಹೋಂಸ್ಟೇಯವರಿಗೆ ಮಾತ್ರ ಈ ಪಟ್ಟಿ ಉಪಯೋಗಕ್ಕೆ ಬರುವುದಿಲ್ಲ. ಅಕ್ಟೋಬರ್‌ನಿಂದ ಮಾರ್ಚ್ ಅವರಿಗೆ ಸೀಸನ್, ನಿಮ್ಮ ಫೋನ್ ಎತ್ತುವುದೂ ಇಲ್ಲ. ಅವರ ಬ್ಯಾಚ್‌ಗಳನ್ನು ಜುಲೈ-ಆಗಸ್ಟ್ ಮಳೆಗಾಲದಲ್ಲೇ ಇಡಿ, ಫೀಸನ್ನು ಮೇ ತಿಂಗಳಲ್ಲೇ ಕೇಳಿ. ಆಗಿನ್ನೂ ಸೀಸನ್ನಿನ ದುಡ್ಡು ಕೈಯಲ್ಲಿರುತ್ತದೆ.